ಸ್ವಾಧೀನ ತಪ್ಪಿದ ಕೈಗೆ ಕೆಲಸ ಕೊಡಿ

ಲಕ್ವ ಹೊಡೆದವರ ಮನೆಯವರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ. ಮೊದಲ ದಿನ, ‘ಜೀವಕ್ಕೇನೂ ತೊಂದರೆ ಇಲ್ಲ ತಾನೇ ಡಾಕ್ಟ್ರೇ?’ ಅಂತ. ಮೂರು ನಾಲ್ಕು ದಿನ ಕಳೆದ ಮೇಲೆ, ‘ಕೈಕಾಲು ಮೊದಲಿನ ಹಾಗೆ ಬರುತ್ತಾ?’ ಅಂತ. ಮೊದಲನೆಯದಕ್ಕೆ ಉತ್ತರ ಹೇಳಲು ಸ್ಕ್ಯಾನ್ ಇದೆ, ಬಿಪಿ ಇದೆ, ರಕ್ತಪರೀಕ್ಷೆ ಇದೆ. ಎರಡನೆಯದರ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಅದರಲ್ಲಿ ಒಂದು ಪಾಲು ಮೆದುಳಿನ ಕೈಯಲ್ಲಿದೆ, ಒಂದು ಪಾಲು ಆಸ್ಪತ್ರೆಯವರ ಕೈಯಲ್ಲಿದೆ, ದೊಡ್ಡದೊಂದು ಪಾಲು ಮನೆಯವರ ಕೈಯಲ್ಲಿದೆ. ಇವತ್ತು ಆ ಎರಡನೆಯ ಪ್ರಶ್ನೆಯ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇನೆ.

ಆಗುವುದೇನು ಅನ್ನುವುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಲ್ಲಿಂದ ಮುಂದಕ್ಕೆ ಆಮ್ಲಜನಕ ನಿಂತುಹೋಗುತ್ತದೆ. ಕೆಲವರಲ್ಲಿ ನಾಳವೇ ಒಡೆದು ರಕ್ತ ಸೋರುತ್ತದೆ. ಎರಡೂ ಪಾರ್ಶ್ವವಾಯುವೇ, ಹೆಚ್ಚಾಗಿ ನೋಡುವುದು ಮೊದಲನೆಯದನ್ನು. ದೊಡ್ಡ ನಾಳ ಮುಚ್ಚಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಕ್ಕೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಬಾಯಿ ಒಂದು ಕಡೆ ಸೊಟ್ಟಗಾಯಿತೋ, ಎತ್ತಿ ಹಿಡಿದ ಕೈ ತಾನಾಗಿ ಕೆಳಗೆ ಜಾರಿತೋ, ಮಾತು ತೊದಲಿತೋ, 108ಕ್ಕೆ ಫೋನ್ ಮಾಡಿ; ಒಂದು ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತದೆ ಅಂತ ಕಾಯಬೇಡಿ. ಈ ಮಾತನ್ನು ಬಾನುಲಿಯಲ್ಲಿ ನೀವು ಅನೇಕ ಸಲ ಕೇಳಿದ್ದೀರಿ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಸತ್ತ ನರಕೋಶ ಮತ್ತೆ ಹುಟ್ಟಿ ಆ ಜಾಗ ತುಂಬುವುದಿಲ್ಲ. ಐದು ವರ್ಷ ಬಿಟ್ಟು ಸ್ಕ್ಯಾನ್ ಮಾಡಿದರೂ ಆ ಕಲೆ ಅಲ್ಲೇ ಕಾಣುತ್ತದೆ. ಆದರೂ ಮೊದಲ ವಾರ ಅಲ್ಲಾಡದೆ ಬಿದ್ದಿದ್ದ ಕಾಲು ಮೂರನೆಯ ವಾರ ಮಡಿಚಲು ಬರುತ್ತದೆ, ಎರಡನೆಯ ತಿಂಗಳು ಹೆಜ್ಜೆ ಹಾಕುತ್ತದೆ. ಕಲೆ ಹಾಗೆಯೇ ಇದ್ದು ಕಾಲು ಬಂದದ್ದು ಹೇಗೆ?

ಒಂದಿಷ್ಟು ಚೇತರಿಕೆ ತಾನಾಗಿಯೇ ಆಗುವಂಥದ್ದು. ಪೂರ್ತಿ ಸತ್ತ ಭಾಗದ ಸುತ್ತ ಅರೆಜೀವದ ಪಟ್ಟಿಯೊಂದು ಇರುತ್ತದೆ. ಅಲ್ಲಿನ ಕೋಶಗಳು ಸತ್ತಿರುವುದಿಲ್ಲ, ಕೆಲಸವನ್ನೂ ಮಾಡುತ್ತಿರುವುದಿಲ್ಲ. ಬೇಗ ರಕ್ತ ಸಿಕ್ಕಿದರೆ ಚೇತರಿಸಿಕೊಳ್ಳುತ್ತವೆ. ಊತ ಇಳಿದ ಮೇಲೆ ಅದುಮಿಹೋಗಿದ್ದ ಭಾಗಗಳೂ ಚೇತರಿಸಿಕೊಳ್ಳುತ್ತವೆ. ಇನ್ನೂ ಒಂದು ವಿಚಾರವಿದೆ. ಪೆಟ್ಟು ಬಿದ್ದ ಜಾಗದಿಂದ ದೂರ ಇದ್ದರೂ ಅದರ ಜೊತೆ ಸಂಪರ್ಕ ಇಟ್ಟುಕೊಂಡಿದ್ದ ಭಾಗಗಳು ಆ ಕಡೆಯಿಂದ ಸುದ್ದಿ ಬರುವುದು ನಿಂತದ್ದಕ್ಕೇ ಮಂಕಾಗುತ್ತವೆ. ಜೂರಿಚ್‌ನಲ್ಲಿದ್ದ ನರವೈದ್ಯ ಕಾನ್‌ಸ್ಟಾಂಟಿನ್ ಫಾನ್ ಮೊನಾಕೊವ್ 1914ರಲ್ಲೇ ಇದನ್ನು ವಿವರಿಸಿದ್ದರು. ಆ ಮಂಕು ವಾರಗಳಲ್ಲಿ, ತಿಂಗಳುಗಳಲ್ಲಿ ಬಹುಮಟ್ಟಿಗೆ ಕಳೆಯುತ್ತದೆ.

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜೋರಾಗಿರುವುದು ಇದರಿಂದಲೇ. ನಮ್ಮ ಹಳ್ಳಿಗಳಲ್ಲಿ ಪಾರಿವಾಳದ ರಕ್ತ ಸವರುವವರು, ಸೊಪ್ಪಿನ ರಸ ಹಿಂಡುವವರು, ಇಂತಿಷ್ಟು ವಾರ ಪಥ್ಯ ಹೇಳುವವರು ಹೆಸರು ಗಳಿಸುವುದೂ ಇದೇ ಮೂರು ತಿಂಗಳಲ್ಲಿ. ಆ ಹೊತ್ತಿಗೆ ಯಾರು ಏನು ಕೊಟ್ಟಿರುತ್ತಾರೋ ಅವರಿಗೆ ಕೀರ್ತಿ. ನಾವು ಬರೆದುಕೊಡುವ ಕೆಲವು ಟಾನಿಕ್ಕುಗಳೂ ಇದೇ ಲೆಕ್ಕಕ್ಕೆ ಸೇರಿದವು ಅಂದರೆ ನನ್ನ ಸಹೋದ್ಯೋಗಿಗಳು ಬೇಸರಪಡಬಾರದು.

ತಾನಾಗಿ ಆಗುವ ಈ ಚೇತರಿಕೆ ಮುಗಿದ ಮೇಲೆ ಮುಂದೇನೂ ಇಲ್ಲ ಅಂತ ವೈದ್ಯಲೋಕ ಬಹುಕಾಲ ನಂಬಿತ್ತು. ಬೆಳೆದ ಮನುಷ್ಯನ ಮೆದುಳಿನಲ್ಲಿ ಯಾವ ಭಾಗಕ್ಕೆ ಯಾವ ಕೆಲಸ ಅನ್ನುವುದು ಗೊತ್ತಾಗಿಹೋಗಿದೆ, ಅದು ಬದಲಾಗುವುದಿಲ್ಲ ಅನ್ನುವುದು ಆಗಿನ ಪಾಠ. ನಾಲ್ಕು ವಾರ ವ್ಯಾಯಾಮ ಮಾಡಿಸಿ, ಗಾಲಿಕುರ್ಚಿ ಕೊಟ್ಟು, ಮನೆಗೆ ಕಳಿಸುತ್ತಿದ್ದರು. ಆ ನಂಬಿಕೆ ಅಲ್ಲಾಡಿದ್ದರ ಹಿಂದೆ ಹಲವರ ದುಡಿಮೆ ಇದೆ. ಒಂದು ಮನೆಯ ಕತೆಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ.

ಪೆಡ್ರೊ ಬಾಕ್-ಇ-ರಿಟಾ ಅಂತ ಒಬ್ಬರು ಇದ್ದರು. ಸ್ಪೇನಿನ ಕಟಲಾನ್ ಮೂಲದ ಕವಿ, ವಿದ್ವಾಂಸರು. ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಮೇಷ್ಟರು. 1950ರ ದಶಕದ ಕೊನೆಯಲ್ಲಿ, 65ರ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಅರ್ಧ ಮೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ಆಸ್ಪತ್ರೆಯವರು ತಮ್ಮ ನಾಲ್ಕು ವಾರ ಮುಗಿಸಿ, ಇನ್ನು ಇಷ್ಟೇ ಅಂದರು. ಮಕ್ಕಳಲ್ಲಿ ಒಬ್ಬನಾದ ಜಾರ್ಜ್ ಆಗ ಮೆಕ್ಸಿಕೊದಲ್ಲಿ ವೈದ್ಯಕೀಯ ಓದುತ್ತಿದ್ದ. ಅವನು ಅಪ್ಪನನ್ನು ತನ್ನಲ್ಲಿಗೆ ಕರೆಸಿಕೊಂಡ. ಪುನಶ್ಚೇತನದ ಶಾಸ್ತ್ರ ಅವನಿಗೆ ಏನೂ ಗೊತ್ತಿರಲಿಲ್ಲ. ಅದು ಗೊತ್ತಿರದಿದ್ದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಅನೇಕರು ಹೇಳಿದ್ದಾರೆ.

ನಡೆಸಲು ಹೋಗಿ ಆಗಲಿಲ್ಲ. ಆಗ ಜಾರ್ಜ್, ಮಗು ಮೊದಲು ಅಂಬೆಗಾಲಿಡುತ್ತದಲ್ಲ, ಅಲ್ಲಿಂದಲೇ ಶುರುಮಾಡೋಣ ಅಂದ. ಮಂಡಿಗೆ ಪಟ್ಟಿ ಕಟ್ಟಿ ಅಪ್ಪನನ್ನು ನೆಲದ ಮೇಲೆ ತೆವಳಿಸಿದ. ಬಿದ್ದ ಭುಜ, ಬಿದ್ದ ತೋಳು ಗೋಡೆಗೆ ಒರಗಿರಬೇಕು. ಗೋಡೆಯ ಆಸರೆಯಲ್ಲೇ ಮುಂದೆ ಸಾಗಬೇಕು. ತಿಂಗಳುಗಟ್ಟಲೆ ಇದೇ ನಡೆಯಿತು. ಅಂಗಳದಲ್ಲಿ ತೆವಳುವುದು ಕಂಡು ನೆರೆಹೊರೆಯವರು, ವಯಸ್ಸಾದ ಪ್ರೊಫೆಸರನ್ನು ನಾಯಿಯ ಹಾಗೆ ನಡೆಸುತ್ತಿದ್ದಾನಲ್ಲ ಅಂತ ಬೈದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಲಿ ಉರುಳಿಸಿ ಹಿಡಿಯಲು ಹೇಳಿದ. ಕಾಸು ಎಸೆದು ಬಲಹೀನವಾದ ಕೈಯಲ್ಲೇ ಹೆಕ್ಕಲು ಹೇಳಿದ. ಪಾತ್ರೆ ತೊಳೆಯಲು ಹಚ್ಚಿದ. ಒಳ್ಳೆಯ ಕೈ ಪಾತ್ರೆಯನ್ನು ಹಿಡಿದಿರಬೇಕು, ಬಿದ್ದ ಕೈ ಅದರೊಳಗೆ ಸುತ್ತಬೇಕು, ಒಂದಷ್ಟು ಹೊತ್ತು ಬಲಕ್ಕೆ, ಅಷ್ಟೇ ಹೊತ್ತು ಎಡಕ್ಕೆ. ಟೈಪ್‌ರೈಟರ್ ಮುಂದೆ ಕೂರಿಸಿದ. ಬೆರಳು ಒತ್ತಲು ಬರುತ್ತಿರಲಿಲ್ಲ. ಹಾಗಾಗಿ ನಡುಬೆರಳನ್ನು ಅಕ್ಷರದ ಮೇಲಕ್ಕೆ ತಂದು ಇಡೀ ತೋಳನ್ನೇ ಕೆಡವುತ್ತಿದ್ದರು. ಆಮೇಲೆ ಮಣಿಕಟ್ಟಿನಿಂದ ಕೆಡವಲು ಬಂತು. ಕೊನೆಗೆ ಬೆರಳುಗಳು ಒಂದೊಂದಾಗಿ ಕೆಲಸಕ್ಕಿಳಿದವು.

ಸುಮಾರು ಒಂದು ವರ್ಷದ ಹೊತ್ತಿಗೆ ಪೆಡ್ರೊ ಸಿಟಿ ಕಾಲೇಜಿಗೆ ವಾಪಸಾಗಿ ಪಾಠ ಮಾಡುವಷ್ಟಾದರು. ಮರುಮದುವೆಯಾದರು, ಬೆಟ್ಟ ಹತ್ತಿದರು. ಕೆಲವು ವರ್ಷಗಳ ಮೇಲೆ ಕೊಲಂಬಿಯದ ಬೆಟ್ಟಗಳಲ್ಲಿ ಚಾರಣ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರ ಮೆದುಳನ್ನು ಪರೀಕ್ಷೆಗೆ ಕೊಟ್ಟರು. ಇನ್ನೊಬ್ಬ ಮಗ ಪಾಲ್ ನರವಿಜ್ಞಾನಿ. ಗಾಜಿನ ತುಂಡುಗಳ ಮೇಲೆ ಅಪ್ಪನ ಮೆದುಳಿನ ಹೋಳುಗಳನ್ನು ಕಂಡು ಪಾಲ್ ದಂಗಾದರು. ಮೆದುಳಿನ ಹೊರಪದರದಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳಲ್ಲಿ ಶೇಕಡ 97ರಷ್ಟು ನಾಶವಾಗಿದ್ದವು. ಗಾಯ ವಾಸಿಯೇ ಆಗಿರಲಿಲ್ಲ. ಉಳಿದ ಶೇಕಡ 3ರ ಆಸರೆಯಲ್ಲಿ ಆ ಮನುಷ್ಯ ಬೆಟ್ಟ ಹತ್ತಿದ್ದರು.

ಒಂದು ಮನೆಯಲ್ಲಿ ನಡೆದದ್ದು ಎಲ್ಲ ಮನೆಯಲ್ಲೂ ನಡೆಯುತ್ತದೆ ಅಂತ ಹೇಳಿದರೆ ಅದು ವೈದ್ಯವಿಜ್ಞಾನ ಆಗುವುದಿಲ್ಲ. ಅಷ್ಟೇ ಶ್ರದ್ಧೆಯಿಂದ ದುಡಿದೂ ಕೈ ಬಾರದವರನ್ನು ನಾನು ಕಂಡಿದ್ದೇನೆ. ಪೆಡ್ರೊ ಅವರ ಕತೆ ಹುಟ್ಟಿಸಿದ್ದು ಒಂದು ಪ್ರಶ್ನೆಯನ್ನು: ಪೆಟ್ಟು ಬಿದ್ದ ಮೆದುಳು ತನ್ನ ಕೆಲಸವನ್ನು ಬೇರೆ ಭಾಗಗಳಿಗೆ ಹಂಚಿಕೊಡುವುದಾದರೆ ಆ ಹಂಚಿಕೆ ಯಾವುದನ್ನು ನೋಡಿ ಆಗುತ್ತದೆ? ಅದಕ್ಕೆ ಉತ್ತರ ಪ್ರಯೋಗಶಾಲೆಯಿಂದ ಬರಬೇಕಾಯಿತು.

1996ರಲ್ಲಿ ಅಮೆರಿಕದ ರಾಂಡಲ್ಫ್ ನೂಡೊ ಮತ್ತು ಸಂಗಡಿಗರು ಅಳಿಲುಕೋತಿ ಅನ್ನುವ ಪುಟ್ಟ ಕೋತಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಮೆದುಳಿನ ಹೊರಪದರದಲ್ಲಿ ಕೈ ಆಡಿಸುವ ಜಾಗ ಎಲ್ಲೆಲ್ಲಿದೆ ಅಂತ ಮೊದಲು ನಕ್ಷೆ ತೆಗೆದುಕೊಂಡು, ಆ ಜಾಗದ ಒಂದು ಸಣ್ಣ ಭಾಗಕ್ಕೆ ರಕ್ತ ತಪ್ಪಿಸಿದರು. ಕೋತಿಯನ್ನು ಅದರ ಪಾಡಿಗೆ ಬಿಟ್ಟಾಗ, ಗಾಯದ ಪಕ್ಕದಲ್ಲಿ ಆರೋಗ್ಯವಾಗಿದ್ದ ಕೈಯ ಜಾಗವೂ ವಾರಗಳಲ್ಲಿ ಕುಗ್ಗಿತ್ತು. ಗಾಯವಾಗಿರದ ಜಾಗ ಕುಗ್ಗಲು ಬಳಕೆ ತಪ್ಪಿದ್ದೇ ಸಾಕಾಯಿತು. ಬೇರೆ ಕೋತಿಗಳಿಗೆ ಸಣ್ಣ ಸಣ್ಣ ಗುಳಿಗಳಿಂದ ತಿನಿಸಿನ ಉಂಡೆಗಳನ್ನು ಬೆರಳಲ್ಲಿ ತೆಗೆಯುವ ಅಭ್ಯಾಸ ಮಾಡಿಸಿದರು. ಅವುಗಳಲ್ಲಿ ಕೈಯ ಜಾಗ ಉಳಿಯಿತು. ಕೆಲವದರಲ್ಲಿ ಹಿಂದೆ ಮೊಣಕೈಗೂ ಭುಜಕ್ಕೂ ಸೇರಿದ್ದ ಜಾಗದೊಳಕ್ಕೂ ಹರಡಿತ್ತು. ನಮ್ಮ ಕಡೆ ಉಳುಮೆ ಬಿಟ್ಟ ಹೊಲದ ಬದುವನ್ನು ಪಕ್ಕದ ಹೊಲದವನು ಸಾಲು ಸಾಲಾಗಿ ಒತ್ತುತ್ತಾ ಬರುತ್ತಾನಲ್ಲ, ಮೆದುಳಿನೊಳಗೂ ಒತ್ತುವರಿ ಹಾಗೆಯೇ ನಡೆಯುತ್ತದೆ. ಉಳುವವನು ತಾನೂ ಒತ್ತುತ್ತಾನೆ.

ಈ ಹಂಚಿಕೆಗೆ ಮೆದುಳು ಬಳಸುವ ಉಪಾಯಗಳು ಹಲವು. ನರಕೋಶಗಳ ನಡುವೆ ಮೊದಲಿಂದಲೂ ಇದ್ದು ಬಳಕೆಯಾಗದೆ ಬಿದ್ದಿದ್ದ ಸಂಪರ್ಕಗಳು ಎಚ್ಚರಗೊಳ್ಳುವುದು ಒಂದು. ಇದು ಬೇಗ ಆಗುತ್ತದೆ. ಗಾಯದ ಅಂಚಿನ ನರಕೋಶಗಳು ಹೊಸ ಕವಲು ಚಿಗುರಿಸಿ ಪಕ್ಕದ ಕೋಶಗಳನ್ನು ಮುಟ್ಟುವುದು ಇನ್ನೊಂದು. ಇದಕ್ಕೆ ವಾರಗಳು ಬೇಕು. ಆ ಹೊತ್ತಿನಲ್ಲಿ ಮೆದುಳು ಬೆಳೆಯುವ ಮಗುವಿನ ಮೆದುಳಿನಲ್ಲಿ ಕಾಣುವಂಥ ಕೆಲವು ರಾಸಾಯನಿಕಗಳನ್ನು ಮತ್ತೆ ತಯಾರಿಸತೊಡಗುತ್ತದೆ. ಚಿಗುರಿದ ಕವಲು ಬಳಕೆಗೆ ಬಂದರೆ ಗಟ್ಟಿಯಾಗುತ್ತದೆ, ಬರದಿದ್ದರೆ ಕಳಚಿಹೋಗುತ್ತದೆ. ಅದಕ್ಕೇ ಆ ವಾರಗಳಲ್ಲಿ ಕೈಯನ್ನು ಸುಮ್ಮನೆ ಬಿಡಬಾರದು ಅಂತ ನಾವು ಬೆನ್ನು ಹತ್ತುವುದು.

ಬೇಗ ಅಂದಮಾತ್ರಕ್ಕೆ ಮೊದಲ ದಿನವೇ ಹಾಸಿಗೆಯಿಂದ ಎಬ್ಬಿಸಿ ಓಡಾಡಿಸಬೇಕೆಂದಲ್ಲ. ಅವೆರ್ಟ್ ಅನ್ನುವ ಹೆಸರಿನ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ 2,104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೆ ಪದೇ ಪದೇ, ಹೆಚ್ಚು ಹೊತ್ತು ಎಬ್ಬಿಸಿ ನಿಲ್ಲಿಸಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡವರ ಸಂಖ್ಯೆ ಕಡಿಮೆಯೇ ಇತ್ತು. ಯಾವಾಗ ಕೂರಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ವಾರ್ಡಿನಲ್ಲಿರುವವರೇ ಹೇಳಲಿ.

ಈಗ ಮನೆಯವರು ಕೇಳುವ ಇನ್ನೊಂದು ಮಾತಿಗೆ ಬರುತ್ತೇನೆ. ‘ಕಾಲು ಬಂತು, ಕೈ ಮಾತ್ರ ಯಾಕೆ ಬರಲಿಲ್ಲ?’ ಫಿಸಿಯೋಥೆರಪಿಯವರು ಕೈಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಎಷ್ಟೋ ಜನಕ್ಕೆ ಅನುಮಾನ. ಕಾರಣ ಬೇರೆ ಇದೆ. ಮೆದುಳಿನಲ್ಲಿ ಹೆಚ್ಚಾಗಿ ಮುಚ್ಚಿಕೊಳ್ಳುವ ದೊಡ್ಡ ನಾಳ ರಕ್ತ ಕೊಡುವುದು ಮುಖ ಮತ್ತು ಕೈಯ ಭಾಗಕ್ಕೆ. ಕಾಲಿನ ಭಾಗ ಮೆದುಳಿನ ನಡುಸೀಳಿನ ಒಳಗೋಡೆಯಲ್ಲಿದ್ದು ಅದಕ್ಕೆ ಬೇರೆ ನಾಳ ಇದೆ. ಇದು ಒಂದು. ನಡೆಯುವುದು ಬಹಳ ಹಳೆಯ ಕೆಲಸ. ಅದರ ಲಯದ ಒಂದು ಪಾಲನ್ನು ಬೆನ್ನುಹುರಿಯೂ ಮೆದುಳುಕಾಂಡವೂ ನೋಡಿಕೊಳ್ಳುತ್ತವೆ, ಮೆದುಳಿನ ಎರಡೂ ಬದಿಗಳಿಂದ ಅದಕ್ಕೆ ಒತ್ತಾಸೆ ಸಿಗುತ್ತದೆ. ಸೂಜಿಗೆ ದಾರ ಪೋಣಿಸುವ ಬೆರಳಿಗೆ ಅಂಥ ಒತ್ತಾಸೆ ಇಲ್ಲ. ಎದುರು ಬದಿಯ ಮೆದುಳಿನಿಂದ ನೇರ ಇಳಿಯುವ ತಂತುಗಳನ್ನೇ ಅದು ನಂಬಿಕೊಂಡಿದೆ. ಆ ತಂತುಗಳು ಹೋದರೆ ಹಳೆಯ, ಒರಟು ದಾರಿಗಳು ಮುಂದೆ ಬರುತ್ತವೆ. ಅವುಗಳಿಗೆ ಬೆರಳುಗಳನ್ನು ಬಿಡಿಬಿಡಿಯಾಗಿ ಆಡಿಸಲು ಬರುವುದಿಲ್ಲ. ತೋಳು ಎತ್ತಿ ಅಂದರೆ ಮೊಣಕೈ ಮಡಿಚಿಕೊಳ್ಳುತ್ತದೆ, ಮಣಿಕಟ್ಟು ಒಳಕ್ಕೆ ಬಾಗುತ್ತದೆ, ಬೆರಳು ಮುಷ್ಟಿಯಾಗುತ್ತದೆ, ಎಲ್ಲವೂ ಒಟ್ಟಿಗೆ. ಬೀದಿಯಲ್ಲಿ ನಡೆದುಹೋಗುವಾಗ ಕೈ ಎದೆಗೆ ಮಡಿಚಿಕೊಂಡಿರುವವರನ್ನು ನೀವು ನೋಡಿರುತ್ತೀರಿ, ಅದು ಇದೇ. ಪಾರ್ಶ್ವವಾಯುವಿನ ನಂತರ ಚಲನೆ ಮರಳುವ ಈ ಕ್ರಮವನ್ನು ಥಾಮಸ್ ಟ್ವಿಚೆಲ್ 1951ರಲ್ಲೇ ಹಂತಹಂತವಾಗಿ ಬರೆದಿಟ್ಟಿದ್ದಾರೆ: ಮೊದಲು ಜೋಲು, ಆಮೇಲೆ ಬಿಗಿತ, ಆಮೇಲೆ ಒಟ್ಟೊಟ್ಟಿನ ಚಲನೆ, ಕೊನೆಗೆ ಬಿಡಿ ಚಲನೆ. ಎಲ್ಲರೂ ಕೊನೆಯ ಹಂತ ಮುಟ್ಟುವುದಿಲ್ಲ.

ಯಾರು ಮುಟ್ಟುತ್ತಾರೆ ಅಂತ ಮುಂಚೆಯೇ ಹೇಳಬಹುದೇ? ಒಂದು ಮಟ್ಟಿಗೆ ಹೇಳಬಹುದು. ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ರೋಗಿ ತಾನಾಗಿ ಬೆರಳನ್ನು ಸ್ವಲ್ಪವಾದರೂ ಬಿಡಿಸಬಲ್ಲರೇ, ತೋಳನ್ನು ಮೈಯಿಂದ ಪಕ್ಕಕ್ಕೆ ಸರಿಸಬಲ್ಲರೇ ಅಂತ ನೋಡಿದರು. ಎರಡೂ ಬಂದವರಲ್ಲಿ ಆರು ತಿಂಗಳ ಹೊತ್ತಿಗೆ ಕೈಯ ಬಳಕೆ ಒಂದಿಷ್ಟಾದರೂ ಮರಳುವ ಸಾಧ್ಯತೆ ಶೇಕಡ 98. ಎರಡೂ ಬಾರದವರಲ್ಲಿ ಶೇಕಡ 25. ಯಂತ್ರ ಇಲ್ಲ, ಖರ್ಚಿಲ್ಲ, ಹಾಸಿಗೆಯ ಪಕ್ಕದಲ್ಲಿ ಒಂದೆರಡು ನಿಮಿಷದ ಪರೀಕ್ಷೆ. ಈ ಎರಡನೆಯ ಗುಂಪಿನವರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ ಅನ್ನುವುದನ್ನು ಮರೆಯಬಾರದು.

ಕೈ ಬರಬಹುದಾಗಿದ್ದರೂ ಬಾರದೇ ಉಳಿಯುವವರ ಒಂದು ಗುಂಪಿದೆ. ನನಗೆ ಹೆಚ್ಚು ಸಂಕಟವಾಗುವುದು ಇವರನ್ನು ಕಂಡಾಗ. ಎಡ್ವರ್ಡ್ ಟಾಬ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಕೋತಿಗಳಲ್ಲಿ ಕೈಯಿಂದ ಮೆದುಳಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿದರು. ಕೈ ಆಡಿಸುವ ನರಗಳು ಹಾಗೆಯೇ ಇದ್ದವು. ಆದರೂ ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ, ತಿನ್ನಬೇಕಲ್ಲ, ಬಿಟ್ಟಿದ್ದ ಕೈಯನ್ನು ಬಳಸತೊಡಗಿತು. ಮೊದಮೊದಲು ಯತ್ನಿಸಿ ಸೋತ ಕಾರಣಕ್ಕೆ ಅದು ಆ ಕೈಯ ಆಸೆ ಬಿಟ್ಟಿತ್ತು, ಮುಂದೆ ಶಕ್ತಿ ಬಂದರೂ ಬಿಟ್ಟ ಅಭ್ಯಾಸ ಹಾಗೇ ಉಳಿದಿತ್ತು. ಆ ಪ್ರಯೋಗಶಾಲೆಯ ಕೋತಿಗಳನ್ನು ಇಟ್ಟಿದ್ದ ಸ್ಥಿತಿಯ ಬಗ್ಗೆ 1981ರಲ್ಲಿ ದೊಡ್ಡ ಗಲಾಟೆಯಾಗಿ ಕೋರ್ಟಿಗೆ ಹೋಯಿತು. ಪ್ರಾಣಿಗಳ ಪರವಾದ ಆ ಹೋರಾಟಕ್ಕೂ ಚರಿತ್ರೆಯಲ್ಲಿ ಜಾಗವಿದೆ. ಟಾಬ್ ಮುಂದೆ ಇದೇ ವಿಚಾರವನ್ನು ಮನುಷ್ಯರಿಗೆ ತಂದರು. ಎಚ್ಚರವಿರುವ ಹೊತ್ತಿನಲ್ಲಿ ಬಹುಪಾಲು ಒಳ್ಳೆಯ ಕೈಗೆ ದಪ್ಪ ಗವಸು ತೊಡಿಸಿ, ಎರಡು ವಾರ ಎಲ್ಲ ಕೆಲಸವನ್ನೂ ಬಿದ್ದ ಕೈಯಲ್ಲೇ ಮಾಡಿಸುವ ಚಿಕಿತ್ಸೆ ಅದು. 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ ಆ ರೋಗಿಗಳಲ್ಲಿ ಗವಸಿನ ಗುಂಪಿನವರ ಕೈ ಹೆಚ್ಚು ಸುಧಾರಿಸಿತ್ತು, ಒಂದು ವರ್ಷದ ಮೇಲೂ ಆ ಸುಧಾರಣೆ ಉಳಿದಿತ್ತು. ಮಣಿಕಟ್ಟನ್ನೂ ಬೆರಳನ್ನೂ ಸ್ವಲ್ಪವಾದರೂ ಮೇಲೆತ್ತಲು ಬರುವವರಿಗೆ ಮಾತ್ರ ಇದು ಸಲ್ಲುತ್ತದೆ. ನಡೆಯುವಾಗ ಆಯ ತಪ್ಪುವವರಿಗೆ ಒಳ್ಳೆಯ ಕೈ ಕಟ್ಟಿದರೆ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಕೇಳದೆ ಮನೆಯಲ್ಲಿ ಮಾಡಬೇಡಿ.

ನಮ್ಮ ಮನೆಗಳಲ್ಲಿ ಆಗುವುದೇನು? ಒಬ್ಬ ತಾಯಿ ಆಸ್ಪತ್ರೆಯಿಂದ ಬಂದಿರುತ್ತಾರೆ. ಸೊಸೆ ಒಳ್ಳೆಯವಳು. ‘ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ, ನಾನ್ ಮಾಡ್ತೀನಿ’ ಅಂತ ತಿನ್ನಿಸುತ್ತಾಳೆ, ತಲೆ ಬಾಚುತ್ತಾಳೆ, ರವಿಕೆಯ ಗುಂಡಿ ಹಾಕುತ್ತಾಳೆ. ಮಗ ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ತಿಕ್ಕುತ್ತಾನೆ. ಊರವರೆಲ್ಲ ಎಂಥಾ ಮಕ್ಕಳು ಅಂತ ಹೊಗಳುತ್ತಾರೆ. ಆರು ತಿಂಗಳ ಮೇಲೆ ಕೈ ಇದ್ದಲ್ಲೇ ಇರುತ್ತದೆ. ಎಣ್ಣೆ ತಿಕ್ಕುವುದರಿಂದ ಚರ್ಮಕ್ಕೆ, ಕೀಲಿಗೆ, ಮನಸ್ಸಿಗೆ ಹಿತ, ಬೇಡ ಅನ್ನುವುದಿಲ್ಲ. ಆದರೆ ಮಗ ತಿಕ್ಕುವಾಗ ಅಮ್ಮನ ಮೆದುಳು ಕೈಗೆ ಆಜ್ಞೆ ಕೊಡುತ್ತಿಲ್ಲ. ಆಜ್ಞೆ ಹೊರಡದಿದ್ದರೆ ಒಳಗಿನ ಸಂಪರ್ಕಕ್ಕೆ ಕೆಲಸವೇ ಇಲ್ಲ.

ಎಷ್ಟು ಸಲ ಮಾಡಬೇಕು ಅನ್ನುವ ವಿಷಯದಲ್ಲಿ ನಮ್ಮ ವೃತ್ತಿಯವರೂ ಹಿಂದೆ ಬಿದ್ದಿದ್ದೇವೆ. ಪ್ರಯೋಗದ ಪ್ರಾಣಿಗಳಿಗೆ ದಿನಕ್ಕೆ ನೂರಾರು ಸಲ ಒಂದೇ ಚಲನೆ ಮಾಡಿಸುತ್ತಾರೆ. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಚಿಕಿತ್ಸಾಕೊಠಡಿಗಳಲ್ಲಿ ಕೂತು ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕೈಯನ್ನು ನಿಜವಾದ ಕೆಲಸಕ್ಕೆ ಬಳಸಿದ್ದು ಒಂದು ಸರದಿಯಲ್ಲಿ ಸರಾಸರಿ 32 ಸಲ. ದುಡ್ಡಿರುವ ದೇಶದ ಗತಿ ಇದು. ಅಲ್ಲಿಗೇ ಅಷ್ಟಾದರೆ, ವಾರಕ್ಕೆ ಒಂದು ಸಲ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಬರುವವರ ಲೆಕ್ಕ ನೀವೇ ಹಾಕಿ.

ಆದ್ದರಿಂದ ನಾನು ವ್ಯಾಯಾಮದ ಚೀಟಿಯ ಜೊತೆ ಮನೆಗೆಲಸವನ್ನೂ ಬರೆದುಕೊಡುತ್ತೇನೆ. ಮಾಗಿಯ ಕಾಲದಲ್ಲಿ ಹಳೇ ಮೈಸೂರಿನ ಕಡೆಯವರಾದರೆ ಹಿತಕವರೆ. ನೆನೆಸಿದ ಅವರೆಕಾಳು ಒಂದು ಬಟ್ಟಲು ಮುಂದಿಡಿ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪಟ್ಟಂತ ಈಚೆ ಬರಬೇಕು. ಶುರುವಿನಲ್ಲಿ ಕಾಳು ಜಾರಿ ಗುಡಾಣದ ಕೆಳಗೆ ಹೋಗುತ್ತದೆ, ಇಲ್ಲವೇ ಬೆರಳು ಒತ್ತಿಕೊಂಡು ಬಿಡಿಸಲೇ ಬರುವುದಿಲ್ಲ. ಒಬ್ಬ ಅಜ್ಜಿ ‘ಇದೇನ್ರೀ ಡಾಕ್ಟ್ರೇ, ಕಾಳೇ ನನ್ ಕೈ ಮಾತ್ ಕೇಳಲ್ಲ’ ಅಂತ ಕೋಪಿಸಿಕೊಂಡು ಬಟ್ಟಲು ತಳ್ಳಿಬಿಟ್ಟಿದ್ದರು. ಆದರೆ ನೋಡಿ, ಒಂದು ಸಾರಿಗೆ ಬೇಕಾಗುವಷ್ಟು ಕಾಳು ಹಿತುಕುವ ಹೊತ್ತಿಗೆ ಚಿವುಟುವ ಚಲನೆ ನೂರಾರು ಸಲ ಆಗಿಹೋಗಿರುತ್ತದೆ, ಯಾರೂ ಎಣಿಸಬೇಕಿಲ್ಲ, ಕೊನೆಗೆ ಊಟಕ್ಕೂ ಆಯಿತು. ಉತ್ತರ ಕರ್ನಾಟಕದವರಾದರೆ ರೊಟ್ಟಿ ಹಿಟ್ಟು ನಾದುವುದು, ಶೇಂಗಾ ಸುಲಿಯುವುದು. ಕರಾವಳಿಯವರಾದರೆ ಮಲ್ಲಿಗೆ ಕಟ್ಟುವುದು. ಅದು ಕಷ್ಟದ್ದು, ಕೊನೆಗೆ ಇಟ್ಟುಕೊಳ್ಳಿ. ಗಂಡಸರಿಗೆ ಹಗ್ಗ ಹೊಸೆಯುವುದು, ಅಂಗಿಯ ಗುಂಡಿ ಹಾಕುವುದು, ಅಂಗಡಿಯವರಾದರೆ ಚಿಲ್ಲರೆ ಎಣಿಸುವುದು. ತೀರಾ ಸಲೀಸಾದರೆ ಮೆದುಳಿಗೆ ಕಲಿಯುವುದಕ್ಕೇನೂ ಇರುವುದಿಲ್ಲ. ತೀರಾ ಆಗದಿದ್ದರೆ ಮನುಷ್ಯ ಕೈ ಚೆಲ್ಲುತ್ತಾನೆ. ಹತ್ತು ಸಲಕ್ಕೆ ಆರೇಳು ಸಲ ಆಗುವಂಥದ್ದನ್ನು ಹುಡುಕಿಕೊಡಿ.

ಒಂದೆರಡು ಎಚ್ಚರಿಕೆ. ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಬೇಡಿ. ಸ್ನಾಯುವಿನ ಹಿಡಿತ ತಪ್ಪಿದ ಭುಜದ ಕೀಲು ಜಾರುತ್ತದೆ, ಆ ನೋವು ಶುರುವಾದರೆ ಮುಂದೆ ಕೈ ಮುಟ್ಟಲೂ ಬಿಡುವುದಿಲ್ಲ. ಎಲ್ಲರೂ ಔಷಧಿ ಅಂಗಡಿಯಿಂದ ಸ್ಪಂಜಿನ ಚೆಂಡು ತಂದು ಕೊಡುತ್ತಾರೆ. ಮುಷ್ಟಿ ಬಿಗಿದುಕೊಳ್ಳುವ ಕೈಗೆ ಬೇಕಾದದ್ದು ಬಿಡಿಸುವ ಅಭ್ಯಾಸ. ಹಿಡಿಯಲು ಅದಕ್ಕೆ ಚೆನ್ನಾಗಿಯೇ ಬರುತ್ತದೆ. ಇನ್ನು ರೋಗಿ ಮಂಕಾಗಿ ಕೂತು, ಕರೆದರೂ ಬಾರದೆ, ಅತ್ತುಕೊಂಡಿದ್ದರೆ ಸೋಮಾರಿ ಅನ್ನಬೇಡಿ. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ. ಮಾತು ಹೋದವರಿಗೆ ಮಾತಿನ ಚಿಕಿತ್ಸೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಆ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ.

ಮನೆಯವರ ಕೈಯಲ್ಲಿ ಎಲ್ಲವೂ ಇದೆ ಅಂತ ಹೇಳಿ ಆಸ್ಪತ್ರೆಗಳು ಕೈ ತೊಳೆದುಕೊಳ್ಳಬಾರದು ಅನ್ನುವುದನ್ನೂ ಹೇಳಬೇಕು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿ ಅಟೆಂಡ್ ಎಂಬ ಪರೀಕ್ಷೆ ನಡೆಯಿತು. ಫಲ 2017ರಲ್ಲಿ ಬಂತು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು, ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ಮೇಲೆ ಎರಡು ಗುಂಪುಗಳಲ್ಲೂ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇರುವವರು ಶೇಕಡ 47. ವ್ಯತ್ಯಾಸವೇ ಇರಲಿಲ್ಲ. ಒಂದಿಷ್ಟು ಕಲಿಸಿ ಮನೆಗೆ ಕಳಿಸಿದರೆ ಸಾಕಾಗುವುದಿಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ತರಬೇತಿಯಾದ ಫಿಸಿಯೋಥೆರಪಿಸ್ಟ್ ಮನೆಗೆ ಬರಬೇಕು, ಬರುತ್ತಲೇ ಇರಬೇಕು, ಕೆಲಸವನ್ನು ವಾರವಾರ ಬದಲಿಸಿಕೊಡಬೇಕು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಮೂರು ವಾರಗಳಲ್ಲಿ 90 ಗಂಟೆ ಕೈಗೇ ಮೀಸಲಿಟ್ಟ ಚಿಕಿತ್ಸೆ ಕೊಡುತ್ತಾರೆ. ಅವರು 2019ರಲ್ಲಿ ಪ್ರಕಟಿಸಿದ 224 ರೋಗಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಲಕ್ವ ಹೊಡೆದು ಒಂದೂವರೆ ವರ್ಷ ದಾಟಿತ್ತು. ಆದರೂ ಕೈ ಸುಧಾರಿಸಿತು, ಆರು ತಿಂಗಳ ಮೇಲೂ ಉಳಿದಿತ್ತು. ಮೂರು ತಿಂಗಳಿಗೆ ಬಾಗಿಲು ಮುಚ್ಚಿತು ಅನ್ನುವ ಮಾತನ್ನು ಇನ್ನು ಯಾರೂ ಆಡಬಾರದು. ಅಂಥ ಚಿಕಿತ್ಸೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ದಿನ ನಮ್ಮಲ್ಲೂ ಬರಬೇಕು.

ಲಕ್ವ ಹೊಡೆದವರು ನಿಮ್ಮ ಮನೆಯಲ್ಲಿದ್ದರೆ ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ, ಎರಡನೆಯ ಸಲ ಹೊಡೆದರೆ ಇಷ್ಟೂ ದುಡಿಮೆ ನೀರುಪಾಲು. ನಾಳೆ ಬೆಳಿಗ್ಗೆ ಲೋಟವನ್ನು ಅವರ ಒಳ್ಳೆಯ ಕೈಗೆ ಕೊಡಬೇಡಿ, ಬಿದ್ದ ಕೈಯ ಮುಂದಿಡಿ. ಕಾಫಿ ಬಿಸಿ ಇರುವುದು ಬೇಡ, ತಣ್ಣಗಿನ ನೀರು ಇರಲಿ, ಅರ್ಧ ಲೋಟ ಸಾಕು. ಚೆಲ್ಲಿದರೆ ಒರೆಸಿ, ಮತ್ತೆ ತುಂಬಿ ಅಲ್ಲೇ ಇಡಿ.